ಸೊಪ್ಪಿನ ದರ, ಕೆಲಸದ ದರ

ನನ್ನ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಜಿಗಣಿಯಲ್ಲೇ, ನಮ್ಮ ಮನೆಯಿಂದ ನಡೆದುಕೊಂಡು ಹೋಗುವಷ್ಟು ದೂರದ ಕಾರ್ಖಾನೆಯಲ್ಲಿ, ಟೆಸ್ಟಿಂಗ್ ವಿಭಾಗದಲ್ಲಿ. ಕಂಟ್ರಾಕ್ಟು ಅಲ್ಲ, ಕಂಪನಿಯವರೇ ತಗೊಂಡಿರೋದು. ಸೋಮವಾರದಿಂದ ಹೋಗಬೇಕು. ನೀಲಿ ಕೋಟು ಕೊಡ್ತಾರಂತೆ, ಒಳಗೆ ಹಾಕಿಕೊಳ್ಳೋಕೆ ಬೇರೆ ಚಪ್ಪಲಿ ಕೊಡ್ತಾರಂತೆ, ಮಧ್ಯಾಹ್ನದ ಊಟ ಅಲ್ಲೇ ಅಂತೆ. ಇಷ್ಟನ್ನು ಮೊದಲು ಹೇಳಿಬಿಟ್ಟೆ. ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಬೇರೆ ಮಾತು ಆಡೋಕೆ ನನ್ನ ಕೈಲಿ ಆಗುತ್ತಿರಲಿಲ್ಲ.

ಬೆಳಿಗ್ಗೆ ನಾನೂ ಅವಳೂ ಹಿತ್ತಲಲ್ಲಿ ಕೂತು ಸೊಪ್ಪು ಕಟ್ಟುತ್ತಿದ್ದೆವು. ದಂಟಿನ ಸೊಪ್ಪು ಒಂದು ಕಡೆ, ಸಬ್ಬಸಿಗೆ ಒಂದು ಕಡೆ. ನೆನೆಸಿದ ಬಾಳೆನಾರು ಅವಳ ಬೆರಳಿಗೆ ಸುತ್ತಿಕೊಂಡಿರುವಾಗಲೇ ಫೋನು ಹೊಡೆದುಕೊಂಡಿತು. ಕೈ ಒರೆಸಿಕೊಳ್ಳೋಕೂ ಪುರುಸೊತ್ತಿಲ್ಲದೆ ಕಿವಿಗಿಟ್ಟಳು. "ಎಸ್ ಮೇಡಂ. ಎಸ್ ಮೇಡಂ. ಥ್ಯಾಂಕ್ಯೂ ಮೇಡಂ." ಆಮೇಲೆ ಫೋನನ್ನು ಮಡಿಲಿಗೆ ಹಾಕಿಕೊಂಡು ಸೊಪ್ಪಿನ ರಾಶಿಯನ್ನೇ ನೋಡುತ್ತಾ ಕೂತಳು. ಇಷ್ಟು ದಿನ ಬಂದ ಫೋನುಗಳೂ ಥ್ಯಾಂಕ್ಯೂನಲ್ಲೇ ಮುಗಿಯುತ್ತಿದ್ದವು. ಅದಕ್ಕೆ ನಾನು, "ಓಗ್ಲಿ ಬಿಡು ಮಗಾ, ಇದಲ್ದಿದ್ರೆ ಇನ್ನೊಂದು" ಅಂದೆ.

"ಅಜ್ಜಿ, ಬಾ ಅಂದ್ರು."

"ಎಲ್ಲಿಗೆ?"

"ಕೆಲಸಕ್ಕೆ ಅಜ್ಜೀ! ಎಲ್ಲಿಗೆ ಅಂತೀಯಲ್ಲ!"

ಆಮೇಲೆ ನಾನು ಏನು ಮಾಡಿದೆನೋ ನನಗೆ ಗೊತ್ತಿಲ್ಲ. ದಂಟಿನ ಸೊಪ್ಪಿನ ಕಟ್ಟನ್ನು ಕೂಸಿನ ಹಾಗೆ ಎದೆಗೆ ಅವಚಿಕೊಂಡು ನಿಂತಿದ್ದೆ ಅಂತ ಅವಳು ಹೇಳುತ್ತಾಳೆ. ನಾನು ಕೂಗಿದ ಕೂಗಿಗೆ ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದಳು, ಹಾವು ಬಂತು ಅಂದುಕೊಂಡು ಕೋಲು ಬೇರೆ ಹಿಡಿದಿದ್ದಳು.

ದಿನದ ಹಾಗೆ ಬುಟ್ಟಿ ಹೊತ್ತುಕೊಂಡು ಕಾರ್ಖಾನೆಯ ಗೇಟಿಗೆ ಹೋದೆ. ಶಿಫ್ಟು ಬಿಡುವ ಹೊತ್ತಿಗೆ ಅಲ್ಲಿ ಕೂತರೆ ಸೊಪ್ಪು ಖಾಲಿಯಾಗುತ್ತೆ. ಇವತ್ತು ಒಬ್ಬೊಬ್ಬರಿಗೂ ಒಂದು ಕಟ್ಟಿನ ಜೊತೆ ಇನ್ನೊಂದು ಕಟ್ಟು ಸುಮ್ಮನೆ ಹಾಕಿಕೊಟ್ಟೆ. ಗೇಟಿನ ಸೆಕ್ಯೂರಿಟಿಯವನು, "ಏನಜ್ಜಿ, ಸೊಪ್ಪು ಕೊಳೀತಾ ಇದೆಯಾ, ಇಂಗೆ ಎರಚ್ತಿದ್ದೀಯ?" ಅಂದ.

"ನನ್ ಮೊಮ್ಮಗಳಿಗೆ ಕೆಲ್ಸ ಸಿಕ್ತು ಕಣಪ್ಪ!"

"ಅಂಗಾದ್ರೆ ಮೈಸೂರ್ ಪಾಕ್ ಕೊಡ್ಬೇಕು. ಸಬ್ಸಿಗೆ ಸೊಪ್ಪು ಕೊಟ್ಟು ಸಾಗಾಕ್ತೀಯಲ್ಲ!"

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಇನ್ನೂ ನಿಂತಿಲ್ಲ. ಆದರೆ ಈ ಸಂತೋಷದ ಒಳಗೆ ಒಂದು ಗಂಟು ಬಿದ್ದುಕೊಂಡಿದೆ, ಅದನ್ನು ಬಿಚ್ಚೋಕೆ ನನಗೆ ಬರುತ್ತಿಲ್ಲ. ಅದಕ್ಕೇ ಇದನ್ನು ಬರೆಯೋಕೆ ಕೂತೆ.

ನನ್ನ ಓದು ನಾಲ್ಕನೇ ಕ್ಲಾಸಿಗೆ ನಿಂತಿತು. ಬಸ್ಸಿನ ಬೋರ್ಡು ಓದುತ್ತೇನೆ, ಲಗ್ನಪತ್ರಿಕೆ ಓದುತ್ತೇನೆ. ಟಿ.ವಿ.ಯ ಕೆಳಗಡೆ ಓಡುವ ಅಕ್ಷರ ಮಾತ್ರ ನಾನು ಮುಗಿಸುವುದರೊಳಗೆ ಓಡಿಹೋಗಿರುತ್ತೆ. ನಮ್ಮ ಹೊಲ ರಾಗಿ ಹೊಲವಾಗಿತ್ತು. ಕಾರ್ಖಾನೆಗಳು ಬಂದಾಗ ಅದು ಹೋಯಿತು. ಒಂದು ಕಾಂಪೌಂಡಿನ ಹಿಂದೆ, ಮೋರಿ ಪಕ್ಕದಲ್ಲಿ ಒಂದು ಚೂರು ಉಳಿಯಿತು. ಅದರಲ್ಲೇ ಸೊಪ್ಪು ಬೆಳೆಯುತ್ತೇನೆ. ಮನೆಯ ಮುಂದೆ ಶೀಟು ಹಾಕಿದ ರೂಮುಗಳಿವೆ, ಉತ್ತರ ಕರ್ನಾಟಕದಿಂದ ದುಡಿಯೋಕೆ ಬಂದವರು ಬಾಡಿಗೆಗಿದ್ದಾರೆ. ಮಗ ಕಾರ್ಖಾನೆಯವರನ್ನು ಕರೆದುಕೊಂಡು ಬರುವ ಬಸ್ಸು ಓಡಿಸುತ್ತಾನೆ. ಒಬ್ಬಳೇ ಮೊಮ್ಮಗಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿದವಳು. ಮಾಡಿ ವರ್ಷದ ಮೇಲಾಯಿತು.

ನನಗೆ ತಿಳಿಯದೇ ಇದ್ದದ್ದು ಇದು. ನಮ್ಮ ರೂಮುಗಳಲ್ಲಿರುವ ಹುಡುಗರಿಗೆ ಬಂದ ವಾರವೇ ಕೆಲಸ ಸಿಗುತ್ತೆ. ಮಗ ಎಲ್ಲೆಲ್ಲಿಂದಲೋ ಬಸ್ಸು ತುಂಬಿಸಿಕೊಂಡು ಬಂದು ನಮ್ಮ ಮನೆಯ ಮುಂದೆಯೇ ಇಳಿಸುತ್ತಾನೆ. ಊರು ಊರಿಗೇ ಕೆಲಸ ಕೊಡುವ ಊರು ನಮ್ಮದು, ನಮ್ಮ ಹುಡುಗಿಗೆ ಮಾತ್ರ ಇಲ್ಲ. ಅವಳು ಇಂಟರ್‌ವ್ಯೂಗೆ ಹೋದ ಕಡೆ ವಿಳಾಸ ನೋಡಿ, "ಓ, ಲೋಕಲ್ಲಾ?" ಅಂತ ಕೇಳುತ್ತಿದ್ದರಂತೆ. ಹೌದು ಅಂದರೆ, ಫೋನ್ ಮಾಡ್ತೀವಿ ಅನ್ನುತ್ತಿದ್ದರಂತೆ.

"ಲೋಕಲ್ ಅಂದ್ರೆ ಅದೇನು ಕಾಯಿಲೆನಾ?" ಅಂತ ನಾನು ಕೇಳಿದ್ದೆ.

ಮಗ ಹೇಳಿದ, "ಲೋಕಲ್‌ನೋರು ಅಬ್ಬಕ್ಕೆ ರಜ, ಸಾವಿಗೆ ರಜ, ನಾಮಕರಣಕ್ಕೆ ರಜ ಆಕ್ತಾರೆ ಅಂತ ಅವ್ರಿಗೆ ಭಯ ಕಣವ್ವ."

"ಸತ್ರೆ ಓಗ್ಬೇಡ್ವಾ ಮತ್ತೆ?"

"ಅದೇ ನೋಡು," ಅಂದ ಅವನು.

ಒಂದು ಸಂಜೆ ಟಿ.ವಿ.ಯಲ್ಲಿ ಒಬ್ಬಳು ಕೆಂಪು ಕೋಟಿನ ಹುಡುಗಿ ಹೇಳಿದಳು: ನಮ್ಮ ರಾಜ್ಯದಲ್ಲಿ ನಿರುದ್ಯೋಗದ ದರ ಇಳಿದಿದೆ, ದೇಶದ ಸರಾಸರಿಗಿಂತ ಕಡಿಮೆ ಇದೆ. ನಾನು, "ಅಯ್ಯೋ ಪಾಪ" ಅಂದುಬಿಟ್ಟೆ.

ಮೊಮ್ಮಗಳು ತಿರುಗಿ ನೋಡಿದಳು. "ಯಾಕಜ್ಜಿ?"

"ದರ ಬಿದ್ದೋಯ್ತು ಅಂದ್ರಲ್ಲ!"

ನಾನು ಕೊತ್ತಂಬರಿ ಮಾರುವವಳು. ದರ ಬಿತ್ತು ಅಂದರೆ ಏನು ಅಂತ ನನಗೆ ಗೊತ್ತು. ದರ ಬಿದ್ದ ದಿನ ಸೊಪ್ಪನ್ನು ದನಕ್ಕೆ ಹಾಕಿ ಬಂದಿದ್ದೇನೆ. ಅವಳು ನಕ್ಕು, "ಇದು ಇಳಿದ್ರೆ ಒಳ್ಳೇದಜ್ಜಿ" ಅಂದಳು.

"ಯಾರಿಗೆ ಒಳ್ಳೇದು? ಮಾರೋರಿಗಾ, ಕೊಳ್ಳೋರಿಗಾ?"

"ಯಾರೂ ಮಾರಲ್ಲ, ಯಾರೂ ಕೊಳ್ಳಲ್ಲ. ಕೆಲಸ ಮಾಡೋರು, ಹುಡುಕೋರು ಎಲ್ಲಾ ಸೇರಿ ನೂರು ಜನ ಅಂತ ಇಟ್ಕೋ. ಅದ್ರಲ್ಲಿ ಎಷ್ಟು ಜನ ಇನ್ನೂ ಹುಡುಕ್ತಾನೇ ಇದ್ದಾರೆ ಅನ್ನೋದು ದರ."

"ಮತ್ತೆ ಸರಾಸರಿ?"

"ಇಡೀ ದೇಶದೋರನ್ನ ಒಟ್ಟಿಗೆ ಸೇರಿಸಿ ಹಂಗೇ ಲೆಕ್ಕ ಹಾಕೋದು. ಕೆಲವು ಕಡೆ ಜಾಸ್ತಿ, ಕೆಲವು ಕಡೆ ಕಮ್ಮಿ, ಎಲ್ಲಾ ಸೇರಿ ಸಮ ಆಗುತ್ತೆ."

ಸಮ ಆಗುತ್ತೆ ಅಂದಾಗ ನನಗೆ ಜೀವ ಬಂತು. "ಅಂದ್ರೆ ಕೆಲ್ಸ ಜಾಸ್ತಿ ಇರೋ ಕಡೆಯಿಂದ ತಂದು ನಮ್ಗೂ ಕೊಡ್ತಾರಾ?"

"ಇಲ್ಲ ಅಜ್ಜಿ. ಕಾಗದದ ಮೇಲೆ ಸಮ."

ಬಾಗಿಲ ಹತ್ತಿರ ಯಾದಗಿರಿ ಕಡೆಯ ನಮ್ಮ ಬಾಡಿಗೆಯವನು ನಿಂತಿದ್ದ. ಕಾರ್ಖಾನೆಯಲ್ಲಿ ಲೋಡಿಂಗ್ ಮಾಡುತ್ತಾನೆ, ಸಂಜೆ ಹೊತ್ತು ವಾರ್ತೆ ನೋಡೋಕೆ ನಮ್ಮ ಹೊಸ್ತಿಲಿಗೆ ಬರುತ್ತಾನೆ. ಅವನಂದ, "ಯವ್ವಾ, ನಮ್ಮ ಕಡೀ ಕೆಲಸ ಸಿಕ್ಕಿದ್ರ ನಾ ಯಾಕ ಈ ಶೀಟಿನ ಬುಡಕ ಬಂದು ಬೇಯ್ತಿದ್ನಿ? ಕಮ್ಮಿ ಐತಿ ಅಂತ ನಿಮ್ಮ ಟಿ.ವಿ.ಯವ್ರು ಅಂತಾರ."

"ನೀನು ಯಾವೂರ ಲೆಕ್ಕಕ್ಕೆ ಬರ್ತೀಯಪ್ಪ? ನಿಮ್ಮೂರದ್ದಕ್ಕಾ, ನಮ್ಮೂರದ್ದಕ್ಕಾ?"

ಮೊಮ್ಮಗಳು, "ಇರೋ ಊರಿನ ಲೆಕ್ಕಕ್ಕೆ" ಅಂದಳು.

ನಾನು ಬೆರಳು ಮಡಿಸಿ ಲೆಕ್ಕ ಹಾಕಿದೆ. ಊರಲ್ಲಿ ಕೆಲಸವಿಲ್ಲದೆ ಇದ್ದವನು ಊರು ಬಿಟ್ಟು ಬಂದ. ಹಾಗಾದರೆ ಅವನೂರಲ್ಲಿ ಕೆಲಸವಿಲ್ಲದವರು ಒಬ್ಬರು ಕಮ್ಮಿಯಾದರು. ಇಲ್ಲಿ ಕೆಲಸ ಇರುವವರು ಒಬ್ಬರು ಜಾಸ್ತಿಯಾದರು. "ಅಂಗಾದ್ರೆ ಇವನು ಬಸ್ ಅತ್ತಿದ್ದಕ್ಕೇ ಎರಡೂ ಕಡೆ ದರ ಇಳೀತಾ?"

ಮೊಮ್ಮಗಳು ಹಣೆ ಚಚ್ಚಿಕೊಂಡಳು. "ಹಂಗೂ ಅನ್ಬೋದೇನೋ… ತಲೆ ತಿನ್ಬೇಡ ಅಜ್ಜಿ."

ಬಾಡಿಗೆಯವನು ಎದೆಯುಬ್ಬಿಸಿ, "ನೋಡ್ರಿ, ದೇಶಸೇವಾ ಮಾಡೀನಿ ನಾ!" ಅಂದ.

ಎಲ್ಲಾ ನಗುತ್ತಿರುವಾಗ ಅವಳು ಮೆಲ್ಲಗೆ ಇನ್ನೊಂದು ಮಾತು ಹೇಳಿದಳು. ಹುಡುಕೋದನ್ನೇ ಬಿಟ್ಟವರನ್ನು ಆ ನೂರು ಜನರಲ್ಲಿ ಸೇರಿಸುವುದಿಲ್ಲವಂತೆ. "ನಾನು ಹುಡುಕೋದು ಬಿಟ್ಬಿಟ್ರೂ ದರ ಇಳಿಯುತ್ತೆ ಅಜ್ಜಿ, ಗೊತ್ತಾ?" ಅಂದಳು. ನಗುನಗುತ್ತಲೇ ಅಂದದ್ದು. ನನಗೆ ಮಾತ್ರ ಅದು ನಗು ಅನ್ನಿಸಲಿಲ್ಲ.

ಅವಳ ಹತ್ತಿರ ಒಂದು ತಿಳಿನೀಲಿ ಚೂಡಿದಾರ ಇದೆ. ಇಂಟರ್‌ವ್ಯೂಗೆ ಅಂತಲೇ ಹೊಲಿಸಿದ್ದು. ಇಸ್ತ್ರಿ ಮಾಡಿ ರೂಮಿನ ಮೊಳೆಗೆ ನೇತುಹಾಕಿರುತ್ತಾಳೆ, ಬೇರೆ ಯಾವುದಕ್ಕೂ ಹಾಕಿಕೊಳ್ಳುವುದಿಲ್ಲ, ಮದುವೆಗೆ ಕರೆದರೂ ಹಾಕಿಕೊಂಡು ಹೋಗುವುದಿಲ್ಲ. ಅದು ಮೊಳೆಯ ಮೇಲಿರುವವರೆಗೂ ನನಗೆ ಧೈರ್ಯ. ದಿನಾ ಬೆಳಿಗ್ಗೆ ಕಸ ಗುಡಿಸುವಾಗ ಒಂದು ಸಲ ಅದನ್ನು ನೋಡುತ್ತಿದ್ದೆ.

ಇದೆಲ್ಲ ಆದ ಸ್ವಲ್ಪ ದಿನಕ್ಕೆ ಒಬ್ಬಳು ಹೆಂಗಸು ಮನೆಗೆ ಬಂದಳು. ಕುತ್ತಿಗೆಗೆ ಕಾರ್ಡು, ಕೈಯಲ್ಲಿ ಹಲಗೆಯಂಥ ಫೋನು. "ಅಮ್ಮ, ಸರ್ವೆಗೆ ಬಂದಿದ್ದೀನಿ" ಅಂದಳು.

ನಮ್ಮ ಕಡೆಯವರ ಮುಂದೆ ಸರ್ವೆ ಅನ್ನಬಾರದು. ಸರ್ವೆ ಅಂದರೆ ನಮಗೆ ಒಂದೇ ಅರ್ಥ. ಸರಪಳಿ, ಕಲ್ಲು, ಸುಣ್ಣದ ಗೆರೆ. ಹಿಂದೆ ಹೊಲ ಹೋದಾಗಲೂ ಮೊದಲು ಬಂದದ್ದು ಸರ್ವೆಯವರೇ. ಆಗ ಉಳುವವರು ಯಾರು ಅಂತ ಕೇಳಿದ್ದಕ್ಕೆ ನಮ್ಮ ಪಕ್ಕದ ಹೊಲದವನು, ಯಾರೂ ಇಲ್ಲ ಸ್ವಾಮಿ ಬೀಳು ಬಿದ್ದಿದೆ ಅಂದನಂತೆ, ಹಾಗೇ ಬರೆದುಕೊಂಡರಂತೆ. ಅದು ನಿಜವೋ ಕಟ್ಟುಕಥೆಯೋ ನನಗೆ ಗೊತ್ತಿಲ್ಲ. ಆದರೆ ಸರ್ವೆಯವರ ಮುಂದೆ ಬೀಳು ಅನ್ನಬಾರದು ಅಂತ ಊರಿಗೆ ಊರೇ ಕಲಿತುಕೊಂಡಿದೆ. ಮೋರಿ ಪಕ್ಕದ ಚೂರು ಜಮೀನು ನನ್ನ ಕಣ್ಣ ಮುಂದೆ ಬಂತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತೆ.

"ಮನೇಲಿ ಎಷ್ಟು ಜನ ಅಮ್ಮ?"

"ನಾಕು ಜನ. ನಾಕು ಜನಾನೂ ಒಲದಲ್ಲೇ ಇರ್ತೀವಿ."

"ನಿಮ್ಮ ಮಗ ಡ್ರೈವರ್ ಅಂತ ಪಕ್ಕದ ಮನೆಯವರು ಹೇಳಿದ್ರು?"

"ಬಸ್ ಇಳಿದ್ರೆ ಒಲಕ್ಕೇ ಓಗೋದು."

"ಮೊಮ್ಮಗಳು? ಹೋದ ವಾರ ಏನಾದ್ರೂ ಕೆಲಸ ಮಾಡಿದ್ರಾ, ಒಂದು ಗಂಟೆ ಆದ್ರೂ?"

"ಒಂದು ಗಂಟೆನಾ! ಬೆಳಗಾನೆ ಎದ್ರೆ ಅವ್ಳೇ ನೀರು ಕಟ್ಟೋದು, ಅವ್ಳೇ ಕೀಳೋದು, ಅವ್ಳೇ ಕಟ್ಟೋದು. ಅವ್ಳಿಲ್ದಿದ್ರೆ ಆ ಜಮೀನೇ ಇಲ್ಲ ಮೇಡಂ. ಒಂದು ಮೊಳನೂ ಬೀಳು ಇಲ್ಲ, ಬನ್ನಿ ತೋರಿಸ್ತೀನಿ!"

ಆ ಹೆಂಗಸು ಜಮೀನು ನೋಡೋಕೆ ಬರಲಿಲ್ಲ. ಹಲಗೆಯ ಮೇಲೆ ಏನೇನೋ ಒತ್ತಿಕೊಂಡಳು, ಮುಂದಿನ ತಿಂಗಳು ಮತ್ತೆ ಬರ್ತೀನಿ ಅಂತ ಹೇಳಿ ಹೋದಳು. ಜಮೀನು ಉಳಿಸಿಕೊಂಡೆ ಅಂತ ನಾನು ಒಂದು ಲೋಟ ಕಾಫಿ ಮಾಡಿಕೊಂಡು ಕುಡಿದೆ.

ಮಧ್ಯಾಹ್ನ ಮೊಮ್ಮಗಳು ಎಲೆಕ್ಟ್ರಾನಿಕ್ ಸಿಟಿಯಿಂದ ಬಂದಳು. ಅಲ್ಲಿಯೂ ಫೋನ್ ಮಾಡ್ತೀವಿ ಅಂದಿದ್ದರು. ಮುಖ ಬಾಡಿತ್ತು, ಸಮಾಧಾನವಾಗಲಿ ಅಂತ ನನ್ನ ಸಾಹಸ ಹೇಳಿದೆ. ಅವಳು ಚಪ್ಪಲಿಯನ್ನೂ ಬಿಡದೆ ಕೇಳುತ್ತಾ ನಿಂತಳು.

"ಒಂದು ಗಂಟೆ ಆದ್ರೂ ಕೆಲಸ ಮಾಡಿದ್ರಾ ಅಂತ ಕೇಳಿದ್ರಾ?"

"ಊಂ. ನಾನು ಬಿಡ್ತೀನಾ?"

"ಅಜ್ಜೀ! ಅದು ಜಮೀನಿನ ಸರ್ವೆ ಅಲ್ಲ! ಯಾರಿಗೆ ಕೆಲಸ ಇದೆ, ಯಾರಿಗಿಲ್ಲ ಅಂತ ಕೇಳೋ ಸರ್ವೆ. ಟಿ.ವಿ.ಯಲ್ಲಿ ದರ ದರ ಅಂತಾರಲ್ಲ, ಅದು ಇಂಥದ್ರಿಂದಲೇ ಬರೋದು. ಇರೋದು ಒಬ್ಬಳು ನಾನು ಕೆಲಸ ಇಲ್ಲದೋಳು, ನನ್ನನ್ನೂ ಕೆಲಸ ಇರೋಳು ಮಾಡಿ ಕಳಿಸಿದ್ಯಲ್ಲ!"

ಸರ್ಕಾರದವರು ಇವಳಿಗೆ ಕೆಲಸ ಇದೆ ಅಂತ ಬರೆದುಕೊಂಡು ಹೋದರೆ, ಇನ್ನು ಯಾರು ಕೊಡುತ್ತಾರೆ? ಮನೆ ಇದೆ ಅಂತ ಬರೆದವರಿಗೆ ಮನೆ ಕೊಡುವುದಿಲ್ಲ, ಗ್ಯಾಸ್ ಇದೆ ಅಂತ ಬರೆದವರಿಗೆ ಗ್ಯಾಸ್ ಕೊಡುವುದಿಲ್ಲ. ಇದೂ ಹಾಗೇ ಅಲ್ಲವೇ? ಅವಳು, "ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ಕಂಪನಿಯವರು ಅದನ್ನ ನೋಡೋದೇ ಇಲ್ಲ" ಅಂತ ಎಷ್ಟು ಹೇಳಿದರೂ ನನ್ನ ತಲೆಗೆ ಇಳಿಯಲಿಲ್ಲ. ಬೇಗೂರಿನಲ್ಲಿರುವ ತಂಗಿಗೆ ಫೋನ್ ಮಾಡಿದೆ. ಅವಳು, "ಅಕ್ಕಾ, ಆಧಾರ್ ಕಾರ್ಡ್ ತಿದ್ದುಸ್ತಾರಲ್ಲ, ಅಲ್ಲಿ ಕೇಳು" ಅಂದಳು. ಅವಳಿಗೆ ನನಗಿಂತ ಕಮ್ಮಿ ಗೊತ್ತು.

ಆ ವಾರದಲ್ಲೇ ಒಂದು ಬೆಳಿಗ್ಗೆ ಹಿತ್ತಲಿಗೆ ಬಂದು ನೋಡುತ್ತೇನೆ, ಮೊಮ್ಮಗಳು ತಿಳಿನೀಲಿ ಚೂಡಿದಾರ ಹಾಕಿಕೊಂಡು ಸೊಪ್ಪು ಕಟ್ಟುತ್ತಿದ್ದಾಳೆ. ಮೊಣಕಾಲಿನ ಹತ್ತಿರ ಕೆಸರು ಹತ್ತಿತ್ತು.

"ಇದ್ಯಾಕೆ ಇದ್ನ ಆಕ್ಕೊಂಡೆ?"

"ಬಟ್ಟೆ ಅಲ್ವಾ ಅಜ್ಜಿ. ಸುಮ್ನೆ ಯಾಕೆ ನೇತಾಡ್ಬೇಕು?"

ಆ ದಿನ ಗೇಟಿನಲ್ಲಿ ಕೂತವಳಿಗೆ ಸೊಪ್ಪು ಕೇಳಿದರೂ ಕಿವಿಗೆ ಬೀಳಲಿಲ್ಲ. ಹುಡುಕೋದು ಬಿಟ್ಟರೂ ದರ ಇಳಿಯುತ್ತೆ ಅಂದಿದ್ದಳಲ್ಲ, ಅದೇ ಸುತ್ತುತ್ತಿತ್ತು. ಅವಳು ಅರ್ಜಿ ಹಾಕುವುದನ್ನೇ ಬಿಟ್ಟುಬಿಟ್ಟರೆ? ಟಿ.ವಿ.ಯಲ್ಲಿ ಆ ಕೆಂಪು ಕೋಟಿನ ಹುಡುಗಿ ನಗುನಗುತ್ತಾ ಇಳಿದಿದೆ ಅನ್ನುತ್ತಾಳೆ. ನಮ್ಮನೆಯಲ್ಲಿ ಏನು ಇಳಿಯಿತು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು?

ಒಂದೇ ದಾರಿ ಅಂದುಕೊಂಡೆ. ಸರ್ವೆ ಮೇಡಂ ಮತ್ತೆ ಬಂದಾಗ ಸರಿಯಾಗಿ ಹೇಳುವುದು. ಅವಳಿಗಾಗಿ ಕಾದೆ, ನೆಂಟರಿಗೂ ಹಾಗೆ ಕಾದವಳಲ್ಲ ನಾನು. ಆ ಮಧ್ಯೆ ನನ್ನ ಮಣಿಕಟ್ಟು ಊದಿಕೊಂಡಿತು, ಮೊಮ್ಮಗಳೇ ಸೊಪ್ಪಿನ ಕೆಲಸವನ್ನೆಲ್ಲ ನೋಡಿಕೊಂಡಳು. ಗೇಟಿಗೂ ಅವಳೇ ಹೋದಳು.

ಮೇಡಂ ಬಂದಳು. ಕುರ್ಚಿ ಹಾಕಿದೆ, ಮಜ್ಜಿಗೆ ಕೊಟ್ಟೆ. "ಮೇಡಂ, ಓದ್ಸಲ ನಾನು ತಪ್ಪೇಳ್ಬಿಟ್ಟೆ. ನಮ್ ಉಡುಗಿಗೆ ಕೆಲ್ಸ ಇಲ್ಲ. ಇಲ್ಲ ಅಂತ ಬರ್ಕೊಳ್ಳಿ."

"ಆಯ್ತು ಅಮ್ಮ. ಹೋದ ವಾರ ಅವರು ಸೊಪ್ಪಿನ ಕೆಲಸ ಏನಾದ್ರೂ ಮಾಡಿದ್ರಾ?"

ನಾನು ಊದಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡೆ. "ಇಲ್ಲ" ಅನ್ನಬೇಕು ಅನ್ನುವಷ್ಟರಲ್ಲಿ ಮೊಮ್ಮಗಳು ಮಣ್ಣಿನ ಕೈಯಲ್ಲಿ ಹಿತ್ತಲಿಂದ ಬಂದಳು. "ಮಾಡಿದ್ದೀನಿ ಮೇಡಂ. ದಿನಾ ಮಾಡಿದ್ದೀನಿ."

"ಸಂಬಳ ಏನಾದ್ರೂ?"

"ಅಜ್ಜಿ ಬೈಗುಳ ಕೊಡ್ತಾರೆ."

ಮೇಡಂ ನಕ್ಕು ಹಲಗೆ ಒತ್ತಿದಳು. "ಸಂಬಳ ಇಲ್ಲದೆ ಮನೆಯ ವ್ಯಾಪಾರಕ್ಕೆ ಸಹಾಯ ಮಾಡಿದ್ರೂ ಲೆಕ್ಕದಲ್ಲಿ ಕೆಲಸ ಮಾಡೋರೇ ಅಮ್ಮ. ಹೋದ ಸಲ ನೀವು ಹೇಳಿದ್ದರಲ್ಲಿ ತಪ್ಪೇನಿಲ್ಲ."

"ಅಂಗಾದ್ರೆ ನಾನು?"

"ನೀವು ಸ್ವಂತ ಉದ್ಯೋಗದವರು."

ನನ್ನನ್ನು ಈ ವಯಸ್ಸಿನಲ್ಲಿ ಯಾರೂ ಹಾಗೆ ಕರೆದಿರಲಿಲ್ಲ. ಆ ಸಂತೋಷದಲ್ಲಿ, "ನನ್ ಸೊಸೆ?" ಅಂತಲೂ ಕೇಳಿಬಿಟ್ಟೆ.

"ಅಡುಗೆ, ಮನೆಗೆಲಸ ಇದಕ್ಕೆ ಬರಲ್ಲ ಅಮ್ಮ."

ಒಳಗಿಂದ ಪಾತ್ರೆ ಇಟ್ಟ ಸದ್ದು ಜೋರಾಗಿಯೇ ಬಂತು. "ಬೆಳಿಗ್ಗೆಯಿಂದ ಕುಂಡಿ ಊರಿಲ್ಲ ನಾನು, ನಂಗೆ ಕೆಲ್ಸ ಇಲ್ವಂತೆ! ಅತ್ತೆ, ಇನ್ನೊಂದು ಲೋಟ ಮಜ್ಜಿಗೆ ಬೇಕಾದ್ರೆ ಕೆಲ್ಸ ಇರೋರೇ ಬಂದು ತಗೊಂಡೋಗಿ!"

ಮೇಡಂ ಮುಜುಗರಪಟ್ಟುಕೊಂಡು, "ಅಕ್ಕ, ಇದು ನಾನು ಮಾಡಿರೋ ರೂಲ್ಸ್ ಅಲ್ಲ ಕಣ್ರೀ" ಅಂದಳು.

ಮೊಮ್ಮಗಳು ಕಂಬ ಹಿಡಿದುಕೊಂಡು ನಗುತ್ತಿದ್ದಳು. ಎಷ್ಟೋ ತಿಂಗಳ ಮೇಲೆ ಹಾಗೆ ನಕ್ಕಿದ್ದು. "ಅಂದ್ರೆ ಇಷ್ಟು ದಿನ ನಾನು ಕೆಲಸ ಮಾಡ್ತಾ ಇದ್ದೆ, ನನಗೇ ಗೊತ್ತಿರಲಿಲ್ಲ" ಅಂದಳು. ಆ ಸಂಜೆ ತಿಳಿನೀಲಿ ಚೂಡಿದಾರ ಒಗೆದಳು. ಕೆಸರಿನ ಕಲೆ ಹೋಗುವವರೆಗೂ ಉಜ್ಜಿದಳು. ಮಾರನೆಯ ದಿನ ಇಸ್ತ್ರಿಯಾಗಿ ಅದು ಮೊಳೆಯ ಮೇಲಿತ್ತು. ನಾನು ನೋಡಿದೆ, ಏನೂ ಕೇಳಲಿಲ್ಲ, ಕೇಳಿದರೆ ಇಳಿಸಿಬಿಟ್ಟಾಳು ಅಂತ.

ಹೋದ ವಾರ ಈ ಕಾರ್ಖಾನೆಯ ಇಂಟರ್‌ವ್ಯೂ ಇತ್ತು. ಎಲ್ಲ ಕಡೆಯೂ ಕೇಳುತ್ತಾರಂತೆ, ಡಿಪ್ಲೊಮಾ ಮುಗಿಸಿ ಇಷ್ಟು ದಿನ ಏನು ಮಾಡುತ್ತಿದ್ದಿರಿ ಅಂತ. ಮನೆಯಲ್ಲೇ ಇದ್ದೆ ಅನ್ನೋಕೆ ಅವಳಿಗೆ ನಾಲಿಗೆ ತಡವರಿಸುತ್ತಿತ್ತಂತೆ. ಈ ಸಲ ನೇರವಾಗಿ, "ಕೆಲಸ ಮಾಡ್ತಿದ್ದೆ ಮೇಡಂ" ಅಂದಳಂತೆ.

"ಎಲ್ಲಿ?"

"ನಮ್ಮಜ್ಜಿ ಹತ್ತಿರ. ಸೊಪ್ಪು ಬೆಳೆದು ಮಾರ್ತೀವಿ. ಶಿಫ್ಟ್ ಬಿಡೋದ್ರೊಳಗೆ ಗೇಟ್ ಮುಂದೆ ಇರ್ಬೇಕು. ಒಂದು ದಿನಾನೂ ತಪ್ಪಿಸಿಲ್ಲ."

"ಯಾವ ಗೇಟ್?"

"ನಿಮ್ದೇ ಮೇಡಂ."

ಅಲ್ಲಿ ಕೂತಿದ್ದವರು ನಕ್ಕರಂತೆ. ಲೋಕಲ್ಲಾ ಅಂತ ಅವರೂ ಕೇಳಿದರಂತೆ. "ಲೋಕಲ್ಲೇ. ಬಸ್ ಬೇಡ, ನಡ್ಕೊಂಡು ಬರ್ತೀನಿ" ಅಂದಳಂತೆ. ಆಮೇಲೆ ಒಂದು ಸರ್ಕ್ಯೂಟ್ ಬೋರ್ಡು ಕೊಟ್ಟು ಎಲ್ಲಿ ಕೆಟ್ಟಿದೆ ಹುಡುಕು ಅಂದರಂತೆ, ಹುಡುಕಿದಳಂತೆ. ಕೆಲಸ ಯಾವುದಕ್ಕೆ ಸಿಕ್ಕಿತೋ. ಬೋರ್ಡು ಸರಿ ಮಾಡಿದ್ದಕ್ಕೆ ಅಂತ ಮಗ ಅನ್ನುತ್ತಾನೆ. ಮಾತಿಗೆ ಅಂತ ಯಾದಗಿರಿಯವನು ಅನ್ನುತ್ತಾನೆ. ಅಲ್ಲಿದ್ದ ಒಬ್ಬಳು ಮದುವೆಯಾಗಿ ಹೋದಳು, ಜಾಗ ಖಾಲಿಯಿತ್ತು ಅಷ್ಟೇ ಅಂತ ಇವಳು ಅನ್ನುತ್ತಾಳೆ. ಆ ಸರ್ವೆ ಮೇಡಂ ದೊಡ್ಡ ಮನಸ್ಸು ಮಾಡಿ ಏನಾದರೂ ಹೇಳಿರಬಹುದೇ ಅಂತ ನನಗೆ ಒಂದು ಕಡೆ ಅನ್ನಿಸಿತು, ಹೇಳಿದರೆ ಎಲ್ಲರೂ ನಗುತ್ತಾರೆ ಅಂತ ಹೇಳಿಲ್ಲ.

ಇವತ್ತು ಸಂಜೆ ಮಗ ಬೇರೆ ಡ್ರೈವರಿಗೆ ಬಸ್ಸು ಒಪ್ಪಿಸಿ ಬೇಗ ಬಂದ. ಗೇಟಿನವನ ಮಾತು ನೆನಪಿಟ್ಟುಕೊಂಡು ನಾನು ಮೈಸೂರ್ ಪಾಕ್ ತರಿಸಿದ್ದೆ. ಸೊಸೆ ದಂಟಿನ ಸೊಪ್ಪಿನ ಬಸ್ಸಾರು ಮಾಡಿದ್ದಳು, ಪಲ್ಯ ಬೇರೆ, ಮುದ್ದೆ, ಶಾವಿಗೆ ಪಾಯಸ. ಬೆಳಿಗ್ಗೆ ನಾನು ಎದೆಗೆ ಅವಚಿಕೊಂಡಿದ್ದ ಕಟ್ಟೇ ಸಾರಾಗಿತ್ತು. ಯಾದಗಿರಿಯವನನ್ನೂ ಕರೆದೆವು. ಅವನು ಊರಿಂದ ಬಂದಿದ್ದ ಶೇಂಗಾ ಚಟ್ನಿಪುಡಿ ಡಬ್ಬಿ ಹಿಡಿದುಕೊಂಡು ಬಂದ. ನಡುಮನೆಯಲ್ಲಿ ಎಲ್ಲರೂ ಸುತ್ತ ಕೂತೆವು, ಸೊಸೆಯನ್ನೂ ಕೈ ಹಿಡಿದು ಕೂರಿಸಿದೆವು. "ಕೆಲ್ಸ ಇಲ್ದೋರು ಮೊದ್ಲು ಊಟ ಮಾಡ್ಲಿ" ಅಂತ ಅವಳು ಇನ್ನೂ ಅದನ್ನೇ ಹೇಳುತ್ತಿದ್ದಳು.

ಟಿ.ವಿ. ಓಡುತ್ತಿತ್ತು. ಅದೇ ಕೆಂಪು ಕೋಟು. ನನಗೆ ತಡೆಯಲಾಗಲಿಲ್ಲ. "ಮಗಾ, ಈಗ ನಿಂಗೆ ಕೆಲ್ಸ ಸಿಕ್ತಲ್ಲ, ದರ ಇಳಿಯುತ್ತೆ ಅಲ್ವಾ? ಸ್ವಲ್ಪ ಆದ್ರೂ?"

ಅವಳು ಮುದ್ದೆ ಮುರಿಯುತ್ತಿದ್ದವಳು ಕೈ ನಿಲ್ಲಿಸಿದಳು. "ಇಲ್ಲ ಅಜ್ಜಿ. ನೀನು ಆಗಲೇ ನನ್ನನ್ನ ಕೆಲಸ ಇರೋಳು ಮಾಡಿದ್ದೀಯಲ್ಲ. ಅವರ ಲೆಕ್ಕದಲ್ಲಿ ನನಗೆ ಕೆಲಸ ಆಗಲೂ ಇತ್ತು, ಈಗಲೂ ಇದೆ. ನನ್ನಿಂದ ದರ ಅಲ್ಲಾಡಲ್ಲ."

"ಅಲ್ಲಾಡಲ್ವಾ? ಇಷ್ಟಾದ್ರೂ?"

"ಊಹೂಂ."

ನಾನು ಟಿ.ವಿ. ನೋಡಿದೆ, ಅವಳನ್ನು ನೋಡಿದೆ. ಗೇಟಿನಲ್ಲೆಲ್ಲ ಸೊಪ್ಪು ಹಂಚಿಬಂದಿದ್ದೇನೆ, ಬೇಗೂರಿನ ತಂಗಿ ಸುದ್ದಿ ಕೇಳಿ ಫೋನಿನಲ್ಲೇ ಅತ್ತಳು, ಮಗ ಬಸ್ಸು ಬಿಟ್ಟು ಬಂದಿದ್ದಾನೆ, ನನ್ನ ಎದೆ ಬೆಳಿಗ್ಗೆಯಿಂದ ನಿಂತ ಕಡೆ ನಿಂತಿಲ್ಲ. ಅದು ಮಾತ್ರ ಅಲ್ಲಾಡಲಿಲ್ಲವಂತೆ. ಇದು ಹೇಗೆ ಅಂತ ಮತ್ತೆ ಕೇಳೋಕೆ ಬಾಯಿ ತೆರೆದೆ.

"ಅವ್ವ, ಮುದ್ದೆ ತಣ್ಣಗಾಯ್ತದೆ. ದೇಶದ್ದು ನಾಳೆ ನೋಡ್ಕೊಳಾಣ," ಅಂತ ಮಗ ಟಿ.ವಿ. ಆರಿಸಿದ.

ಯಾದಗಿರಿಯವನು ಮೊಮ್ಮಗಳ ತಟ್ಟೆಗೆ ಚಟ್ನಿಪುಡಿ ಹಾಕಿ, "ತಗೋವಾ ತಂಗಿ, ನಾಳಿಂದ ನೀನೂ ಕೆಲಸದಾಕಿ" ಅಂದ.

"ನಾಳೆಯಿಂದ ಅಲ್ಲಣ್ಣ, ಸೋಮವಾರದಿಂದ," ಅಂದಳು ಅವಳು. "ನಾಳೆ ಅಜ್ಜಿ ಜೊತೆ ಸೊಪ್ಪು ಕಟ್ಟೋದಿದೆ."

ನಾನು ಅವಳ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟೆ. ಸಾಕು ಅಜ್ಜಿ ಅಂದಳು. ಕೇಳಿಸದವಳ ಹಾಗೆ ಇನ್ನೂ ಒಂದು ಸೌಟು ಬಿಟ್ಟೆ. ಎಲ್ಲರೂ ತಲೆ ಬಗ್ಗಿಸಿ ಊಟಕ್ಕೆ ಬಿದ್ದೆವು.